ಕಾಕಾನ ಮೋಟಾರಿನ ಗಡಿಯಾರ

ನಮ್ಮ ಕಾಕಾ ಜೀವನದಲ್ಲಿ ಯಾರನ್ನೂ ಟೈಮ್ ಎಷ್ಟು ಎಂದು ಕೇಳಿದವರಲ್ಲ. ಹಾಗೆಂದು ಅವರಿಗೆ ಟೈಮ್ ಗೊತ್ತಿತ್ತು ಎಂದು ತಿಳಿಯಬೇಡಿ.

ಅವರ ಹತ್ತಿರ ಒಂದು ಹಳೇ ಮೋಟಾರು ಇತ್ತು. ಜಾಗೀರು ಹೋದ ಮೇಲೆ ಬೀದರಿನ ಸಾಹೇಬರೊಬ್ಬರು ಮಾರಿದ್ದು. ಸ್ಟಿಯರಿಂಗಿನ ಎದುರಿನ ಹಲಗೆಯಲ್ಲಿ ಒಂದು ದುಂಡು ಗಡಿಯಾರ. ಕಾಕಾ ಕೊಂಡದ್ದು ಮೋಟಾರನ್ನೋ ಗಡಿಯಾರವನ್ನೋ ಎಂದು ನನಗೆ ಈಗಲೂ ಅನುಮಾನ. ಬ್ರೇಕು ಸರಿಯಾಗಿ ಹಿಡಿಯುತ್ತಿರಲಿಲ್ಲ. ಅದನ್ನು ಅವರು ದೋಷವೆಂದು ಎಣಿಸಲಿಲ್ಲ. ಗಡಿಯಾರ ನಿಂತರೆ ಮಾತ್ರ ಊಟ ಸೇರುತ್ತಿರಲಿಲ್ಲ.

ಅದು ನಿಲ್ಲುತ್ತಲೇ ಇತ್ತು. ಬಿ.ಎ. ಓದುತ್ತಿದ್ದ ನಾನು ರಜೆಗೆ ಕಾಕಾನ ಊರು ಔರಾದಕ್ಕೆ ಹೋದಾಗಲೆಲ್ಲ ಅದರ ಚಿಕಿತ್ಸೆಗೆ ಸಹಾಯಕ. ಮೊದಲು ಬ್ಯಾಟರಿ ಬದಲಿಸಿದೆವು. ಆಮೇಲೆ ಫ್ಯೂಸ್. ಆಮೇಲೆ ಹಲಗೆಯ ಹಿಂದಿನ ತಂತಿಗಳನ್ನೆಲ್ಲ ಬಿಚ್ಚಿ, ಉಜ್ಜಿ, ಮತ್ತೆ ಸೇರಿಸಿದೆವು. ಅದರಿಂದ ಒಂದು ಲಾಭವಾಯಿತು: ಹಾರ್ನ್ ಒತ್ತಿದರೆ ದೀಪ ಹತ್ತತೊಡಗಿತು. ಗಡಿಯಾರ ಮಾತ್ರ ಹಾಗೇ ಇತ್ತು.

ಬೀದರ ಪೇಟೆಯ ನಡುವಿನ ಚೌಬಾರಾ ಗೋಪುರದ ಹತ್ತಿರ ಗಡಿಯಾರ ರಿಪೇರಿ ಮಾಡುವವರೊಬ್ಬರು, "ಬಿಚ್ಚಿ ಕೊಡ್ರಿ ಸಾಹೇಬ್, ಒಳಗ ನೋಡ್ಬೇಕಾಗ್ತದ," ಎಂದರು.

"ಹೊಟ್ಟಿ ಕೊಯ್ಯೋ ಮಾತು ಬ್ಯಾಡ. ಮ್ಯಾಲಿಂದೇ ನೋಡ್ರಿ," ಎಂದರು ಕಾಕಾ.

ಆಮೇಲೆ ಅವರನ್ನು ಅಂಗಡಿಯಿಂದ ಎಬ್ಬಿಸಿ, ಮೋಟಾರಿನಲ್ಲಿ ಕೂರಿಸಿಕೊಂಡು ಓಣಿ ಓಣಿ ತಿರುಗಿಸಿದರು. ಕಲ್ಲುಗಳ ಮೇಲೆ ಕುಣಿಯುತ್ತ ಹೋಗುವಾಗ ಗಡಿಯಾರ ಚೆನ್ನಾಗಿಯೇ ನಡೆಯಿತು. ಅಂಗಡಿ ಮುಂದೆ ನಿಲ್ಲಿಸಿದೊಡನೆ ಅದೂ ನಿಂತಿತು.

"ಒಳಗ ತಂತಿ ಕೂಡೋ ಜಾಗಾ ಸುಟ್ಟದ. ಕುಲುಕಿದ್ರ ಕೂಡ್ತದ, ಸುಮ್ನ ಬಿಟ್ರ ಬಿಡ್ತದ. ಬಿಚ್ಚಲಾರ್ದ ರಿಪೇರಿ ಆಗಂಗಿಲ್ರಿ," ಎಂದರು ರಿಪೇರಿಯವರು.

ಇಷ್ಟು ಮಾತಿನಲ್ಲಿ ಕಾಕಾ ಕಿವಿಗೆ ಹಾಕಿಕೊಂಡದ್ದು ಕುಲುಕುವ ಸಂಗತಿ ಒಂದನ್ನೇ. ಅಂದಿನಿಂದ ಅವರು ತಗ್ಗು ಹುಡುಕಿ ಹುಡುಕಿ ಮೋಟಾರು ನಡೆಸತೊಡಗಿದರು. ಭಾಲ್ಕಿಯ ಬೀಗರೊಬ್ಬರು ಅರ್ಧ ದಾರಿಯಲ್ಲೇ ಇಳಿದು, ಸೊಂಟ ಹಿಡಿದುಕೊಂಡು, "ನೀವು ಮುಂದ ನಡೀರಿ. ನಾ ನಡಕೋತ ಬಂದು ಜಲ್ದಿ ಮುಟ್ತೀನಿ," ಎಂದರಂತೆ. ಹೇಳಿದವರು ಬೀಗರೇ ಆದ್ದರಿಂದ ಇದನ್ನು ಅರ್ಧ ನಂಬಿದರೆ ಸಾಕು.

ಅದೇ ಹೊತ್ತಿಗೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಕಚೇರಿಯಲ್ಲಿರುವ ಉರ್ದು ಕಾಗದಗಳ ಗತಿ ಏನು ಎಂದು ಹಿರಿಯರು ಕಟ್ಟೆಯ ಮೇಲೆ ಕೂತು ಚರ್ಚಿಸುತ್ತಿದ್ದರು. ಕಾಕಾನ ಚಿಂತೆಯೇ ಬೇರೆ: "ಹೊಸಾ ಸರ್ಕಾರ ರಸ್ತಾ ಛಲೋ ಮಾಡ್ತದಂತ. ಮುಂದ ನನ್ನ ಗಡಿಯಾರ ಹ್ಯಾಂಗ ನಡೀಬೇಕು?"

ನಿಜವಾದ ಚಿಂತೆ ಇದ್ದದ್ದು ಕಾಕಿಗೆ. ಅವರು ಔರಾದದ ಶಾಲೆಯಲ್ಲಿ ಶಿಕ್ಷಕಿ. ಮನೆಮಾತು ಕನ್ನಡವಾದರೂ ಕಲಿತದ್ದು, ಕಲಿಸಿದ್ದು ಎಲ್ಲ ಮರಾಠಿಯಲ್ಲಿ. ಕನ್ನಡ ಬರೆಯುವ ಪರೀಕ್ಷೆ ಪಾಸಾಗದಿದ್ದರೆ ನೌಕರಿ ಉಳಿಯುವುದಿಲ್ಲ ಎಂಬ ಮಾತಿತ್ತು. ಒಲೆಯ ಮೇಲೆ ಬೇಳೆ ಇಟ್ಟು, ಪಕ್ಕದಲ್ಲಿ ಪಾಟಿ ಹಿಡಿದು ಒತ್ತಕ್ಷರ ತಿದ್ದುತ್ತಿದ್ದರು.

ಪರೀಕ್ಷೆ ಬೀದರಿನಲ್ಲಿ. ಮುಂದೆ ಕಾಕಾ ಮತ್ತು ನಾನು, ಹಿಂದಿನ ಸೀಟಿನಲ್ಲಿ ಪುಸ್ತಕ ಹಿಡಿದ ಕಾಕಿ. ಗಡಿಯಾರದ ಪ್ರಕಾರ ಬೇಕಾದಷ್ಟು ಹೊತ್ತಿತ್ತು. ಆ ಧೈರ್ಯದ ಮೇಲೆ ಕಾಕಾ ದಾರಿಯಲ್ಲಿ ನಿಲ್ಲಿಸಿ ನಮಗೆ ಚಹಾ ಕುಡಿಸಿದರು. ಬೀದರ ಹತ್ತಿರವಾದಾಗ ಹೊಸ ಡಾಂಬರು ರಸ್ತೆ ಬಂತು.

"ಗಡಿಯಾರ ನಿಂತದ ನೋಡ್ರಿ," ಎಂದರು ಕಾಕಿ.

"ನಿಂತಿಲ್ಲ. ವಿಚಾರ ಮಾಡ್ಲಕತ್ತದ."

"ನನ್ನ ನೌಕರಿ ಹೋದ ಮ್ಯಾಲ ನೀವು, ಅದು ಇಬ್ರೂ ಕೂತು ವಿಚಾರ ಮಾಡ್ರಿ."

ನಾವು ಮುಟ್ಟಿದಾಗ ಪರೀಕ್ಷೆ ಶುರುವಾಗಿತ್ತು. ಬಾಗಿಲಲ್ಲಿ ಮೈಸೂರು ಕಡೆಯ ಅಧಿಕಾರಿಯೊಬ್ಬರು ನಿಂತಿದ್ದರು. "ತಡ ಆಗೋಯ್ತಲ್ಲಮ್ಮ. ಇನ್ನು ಒಳಗೆ ಬಿಡೋದಕ್ಕಾಗಲ್ಲ," ಎಂದರು. ಕಾಕಿ ಪುಸ್ತಕವನ್ನು ಎದೆಗೆ ಒತ್ತಿಕೊಂಡು ನಿಂತರು. ಇನ್ನು ಕಾಕಾ ಹೊಸ ರಸ್ತೆಯನ್ನು ಬೈಯುತ್ತಾರೆ ಎಂದುಕೊಂಡೆ. ಅವರು ಮುಂದೆ ಬಂದು ಕೈಮುಗಿದರು.

"ಆಕಿದೇನೂ ತಪ್ಪಿಲ್ರಿ ಸಾಹೇಬ್ರ. ನನ್ನ ಗಡಿಯಾರ ಕೆಟ್ಟದ. ಭಾಳ ದಿನಾ ಆಯ್ತು ಕೆಟ್ಟು. ನಾನೇ ಒಪ್ಪಿದ್ದಿಲ್ರಿ."

ಅಧಿಕಾರಿ ಅವರನ್ನೂ ಕಾಕಿಯನ್ನೂ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಆಗ ಕಾಕಿಯ ಕಣ್ಣು ತುಂಬಿತ್ತು ಎಂದು ಬರೆಯುವ ಆಸೆಯಾಗುತ್ತದೆ. ಆದರೆ ನಾನು ನಿಂತಲ್ಲಿಂದ ಅವರ ಬೆನ್ನಷ್ಟೇ ಕಾಣುತ್ತಿತ್ತು. ನೆನಪು ಇಂಥ ಕಡೆಯೇ ತನ್ನ ಕೈಚಳಕ ತೋರಿಸುತ್ತದೆ. ಅವರು ಪಾಸಾದದ್ದು ಕೆಲವು ವಾರಗಳ ಮೇಲೆ ತಿಳಿಯಿತು. ಆ ದಿನ ನಾನು ಖಂಡಿತವಾಗಿ ನೋಡಿದ್ದು ಇಷ್ಟು: ಪರೀಕ್ಷೆ ಮುಗಿಸಿ ಬಂದ ಕಾಕಿ ಮೋಟಾರಿನ ಮುಂದಿನ ಬಾಗಿಲು ತೆಗೆದು, "ತಮ್ಮಾ, ನೀ ಹಿಂದ ಕೂಡು," ಎಂದರು. ನಮ್ಮ ಮನೆಯ ಹೆಣ್ಣುಮಕ್ಕಳು ಯಾರೂ ಗಂಡನ ಪಕ್ಕದಲ್ಲಿ ಕೂತು ಪೇಟೆಯೊಳಗೆ ಹಾದುಹೋದದ್ದಿರಲಿಲ್ಲ.

"ಮಂದಿ ನೋಡ್ತಾರ," ಎಂದರು ಕಾಕಾ ಮೆಲ್ಲಗೆ.

"ನೋಡ್ಲಿ. ನಡೀರಿ," ಎಂದು ಕಾಕಿ ಸೆರಗು ಸರಿಮಾಡಿಕೊಂಡು ಕೂತರು.