ಕಾಲೇಜಿಗೊಂದು ಜೊತೆ

ಮಲ್ಲಿಗಮ್ಮನಿಗೆ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದದ್ದೇ ಎಲ್ಲ ತಾಪತ್ರಯಕ್ಕೂ ಮೂಲವಾಯಿತು. ಫೇಲಾಗಿದ್ದರೆ ಚಿಕ್ಕರಸಿನಕೆರೆಯಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಹೆಣ್ಣುಮಕ್ಕಳು ಫೇಲಾಗುವುದು ಅಲ್ಲಿ ಒಳ್ಳೆಯ ನಡತೆಯ ಲಕ್ಷಣ. ಪಾಸಾದವಳನ್ನು ಏನು ಮಾಡಬೇಕೆಂಬುದೇ ಯಾರಿಗೂ ತಿಳಿಯದು.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ಮರುವರ್ಷದ ಮಾತಿದು. ಹೈಸ್ಕೂಲಿನ ಹೆಡ್‌ಮೇಷ್ಟ್ರು ಕಸ್ತೂರಿರಂಗ ಅವರು ಮಂಡ್ಯಕ್ಕೆ ಹೋಗಿದ್ದವರು ಕಾಲೇಜಿನಿಂದ ಎರಡು ಅರ್ಜಿ ತಂದರು. ಊರಲ್ಲಿ ಪಾಸಾದ ಹುಡುಗಿಯರು ಇಬ್ಬರೇ. ಇನ್ನೊಬ್ಬಳು ಸೋಮಮ್ಮ. ಹೊರಟ ಬಸ್ಸಿನ ಫುಟ್‌ಬೋರ್ಡಿಗೆ ನೇತುಬೀಳುವವರ ಹಾಗೆ ಎಲ್ಲ ಸಬ್ಜೆಕ್ಟಿನಲ್ಲೂ ಮೂವತ್ತೈದನ್ನು ಹಿಡಿದು ನೇತಾಡಿ ಪಾಸಾದವಳು.

“ನಿನ್ನ ತಲೆಗೆ ಸೈನ್ಸೇ ಸರಿ ಮಲ್ಲಿಗಮ್ಮ. ನಾಳೆಯೇ ಕಡೆಯ ದಿನ, ಬೆಳಗಿನ ಬಸ್ಸಿಗೆ ಹೋಗಿ ಕೊಟ್ಟುಬಿಡು” ಎಂದರು ಮೇಷ್ಟ್ರು.

ಮಲ್ಲಿಗಮ್ಮನ ಅಪ್ಪ ಶಿವಯ್ಯ ಮೆದು ಮನುಷ್ಯ. ಹೆಂಡತಿ ತೀರಿಕೊಂಡ ಮೇಲೆ ಮಗಳ ವಿಷಯದಲ್ಲಿ ಸ್ವಂತ ತೀರ್ಮಾನ ಮಾಡಲು ಹೆದರಿ, ಎಲ್ಲವನ್ನೂ ಅರಳಿಕಟ್ಟೆಯಲ್ಲಿ ಕೂತವರನ್ನು ಕೇಳುತ್ತಿದ್ದ. ಅರಳಿಕಟ್ಟೆಯಲ್ಲಿ ಯಾರೂ ಕಾಲೇಜು ಕಂಡವರಲ್ಲವಾದ್ದರಿಂದ ಸಲಹೆಗೆ ಬರವಿರಲಿಲ್ಲ. ಅಲ್ಲಿಂದ ಬಂದವನೇ ಒಲೆಯ ಮುಂದೆ ಕುಕ್ಕರಿಸಿದ.

“ಮಗಾ, ಸೈನ್ಸು ಅಂದ್ರೆ ಕಪ್ಪೆ ಕುಯ್ಯದಂತಲ್ಲ? ಅರಳಿಕಟ್ಟೇಲಿ ಚಿಕ್ಕಣ್ಣ ಏಳ್ದ. ಕಪ್ಪೆ ಕುಯ್ದ ಕೈಲಿ ಮುದ್ದೆ ಕಟ್ಟೀಯಾ?”

“ಸೋಪಾಕಿ ತೊಳ್ಕೊತೀನಿ ಕಣಪ್ಪ.”

ಶಿವಯ್ಯ ಒಲೆಗೆ ಸೌದೆ ನೂಕಿದ. “ಸರಿ ಬುಡು. ಆದ್ರೆ ದಿನಾ ಅಷ್ಟು ದೂರ ಬಸ್ನಲ್ಲಿ ಒಬ್ಳೇ ಓಗದು ಬ್ಯಾಡ. ಸೋಮಿ ಬಂದ್ರೆ ನೀನೂ ಓಗು.”

ಮಲ್ಲಿಗಮ್ಮ ಮುದ್ದೆ ಅರ್ಧಕ್ಕೇ ಬಿಟ್ಟು, ಕೈ ತೊಳೆದು, ಸೋಮಮ್ಮನ ಮನೆಯ ಹಿತ್ತಲ ಬಾಗಿಲಿಗೆ ಓಡಿದಳು.

ಅಡಿಗೆಮನೆಯಲ್ಲಿ ಸೋಮಮ್ಮ ರೇಷ್ಮೆ ಸೀರೆ ಸುತ್ತಿಕೊಂಡು, ಕೊಪ್ಪರಿಗೆಗೆ ಬಟ್ಟೆ ಉಡಿಸಿದಂತೆ ನಿಂತಿದ್ದಳು.

“ಏನಮ್ಮಿ ಇದು, ಗೌರಿ ಅಬ್ಬ ಈಗ್ಲೇ ಬಂತಾ?”

“ಮೆತ್ಗೆ ಮಾತಾಡೇ! ನನ್ನ ನೋಡಕ್ಕೆ ಗಂಡಿನ ಕಡೆಯೋರು ಬಂದವ್ರೆ. ಮಳವಳ್ಳಿ ಕಡೆಯೋರು. ಗಂಡೂ ಬಂದವ್ನೆ, ಜಗ್ಲಿ ಮ್ಯಾಲೆ ಕೂತವ್ನೆ. ಈಗ್ತಾನೆ ಕಾಪಿ ಕೊಟ್ಟು ಬಂದೆ.” ಸೋಮಮ್ಮನ ಮುಖ ಬೆಳಗುತ್ತಿತ್ತು. ಓದಿನ ಕಾಟ ಮುಗಿದು ಮದುವೆಯಾದರೆ ಸಾಕೆಂದು ಅವಳು ಏಳನೇ ಕ್ಲಾಸಿನಿಂದ ಕಾಯುತ್ತಿದ್ದಳು.

ಇದ್ದ ಒಂದು ಜೊತೆಯೂ ಮಳವಳ್ಳಿಗೆ ಹೊರಟಿತ್ತು. ಯೋಚಿಸುತ್ತ ನಿಂತರೆ ಧೈರ್ಯ ಉಳಿಯುವುದಿಲ್ಲವೆಂದು ಮಲ್ಲಿಗಮ್ಮ ನೇರ ನಡುಮನೆಗೆ ನುಗ್ಗಿದಳು.

ಅಲ್ಲಿ ಸೋಮಮ್ಮನ ತಾಯಿ ಮುದ್ದಮ್ಮ, ಗಂಡಿನ ತಾಯಿ ಚಿಕ್ಕಬೋರಮ್ಮನಿಗೆ ಎಲೆಯಡಿಕೆ ಕೊಡುತ್ತಿದ್ದಳು. ಚಿಕ್ಕಬೋರಮ್ಮ ದೊಡ್ಡ ಆಳು. ಅವಳು ಕೂತ ಚಾಪೆ ಕರವಸ್ತ್ರದಂತೆ ಕಾಣುತ್ತಿತ್ತು.

“ಅವ್ವಾ, ಎರಡು ವರ್ಸ ತಡ್ಕೊಳಿ” ಎಂದಳು ಮಲ್ಲಿಗಮ್ಮ ಒಂದೇ ಉಸಿರಿಗೆ. “ಸೋಮಿ ನನ್ ಜೊತೆ ಕಾಲೇಜಿಗೆ ಬರ್ಲಿ. ಆಮೇಲೆ ಕರ್ಕೊಂಡೋಗಿ. ಓದಿದ ಸೊಸೆ ಬಂದ್ರೆ ನಿಮ್ಗೇ ಲಾಭ.”

ಮುದ್ದಮ್ಮ ಕಣ್ಣಲ್ಲೇ ಅವಳನ್ನು ಸುಟ್ಟಳು. ಚಿಕ್ಕಬೋರಮ್ಮ ಮಾತ್ರ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು. “ಅದೇನ್ ಲಾಭ ಏಳವ್ವ.”

ಮಲ್ಲಿಗಮ್ಮ ಹೇಳಿದಳು. ಬೆಲ್ಲದ ತೂಕದಲ್ಲಿ ಮಂಡಿಯವರು ಮೋಸ ಮಾಡಕ್ಕಾಗಲ್ಲ. ಆಸ್ಪತ್ರೆ ಔಷಧಿ ಹೊಟ್ಟೆಗೆ ಕುಡಿಯದೋ ಕೈಗೆ ಹಚ್ಚದೋ ಅಂತ ಊರೆಲ್ಲ ಕೇಳಬೇಕಾಗಿಲ್ಲ. ಬಂದ ಕಾಗದಕ್ಕೆ ಹೆದರಬೇಕಾಗಿಲ್ಲ.

‘ಕಾಗದ’ ಎಂದದ್ದೇ ಚಿಕ್ಕಬೋರಮ್ಮ ಚೀಲಕ್ಕೆ ಕೈಹಾಕಿ ಮಡಿಸಿದ ಹಾಳೆಯೊಂದನ್ನು ತೆಗೆದಳು. “ದಾಯಾದಿಗಳ ಮ್ಯಾಲೆ ಭೂಮಿ ದಾವಾ ಆಕಿವ್ನಿ. ನಮ್ಮನೇಲಿ ಒಬ್ರಿಗೂ ಅಕ್ಸರ ಇಲ್ಲ. ಸೋಮಮ್ಮಾ, ಬಾವ್ವ, ಇದೇನೈತೆ ಓದು.”

ಸೋಮಮ್ಮ ಬಂದು ಹಾಳೆ ಹಿಡಿದಳು. ಗುಮಾಸ್ತರ ಬರಹ ಇರುವೆ ಮೆರವಣಿಗೆ ಹೋದಂತಿತ್ತು. ‘ಪ್ರತಿವಾದಿ’ ಎಂಬುದನ್ನು ‘ಪತಿ ವಾಂತಿ’ ಎಂದು ಓದಿ, ತಾನೇ ಬೆದರಿ, ಅಳುವಂತಾದಳು. ಗೆಳತಿಯ ಮಾನ ಉಳಿಸಲು ಮಲ್ಲಿಗಮ್ಮ ಹಾಳೆ ಕಿತ್ತುಕೊಂಡು, ಮೇಲಿನಿಂದ ಕೆಳಗೆ ನೀರು ಹರಿದಂತೆ ಓದಿ, ಅರ್ಥವನ್ನೂ ಬಿಡಿಸಿ ಹೇಳಿದಳು.

“ಸೋಮೀನೂ ಎರಡು ವರ್ಸದಲ್ಲಿ ಇಂಗೇ ಓದ್ತಾಳೆ ಕಣವ್ವ!”

“ನೀ ಏಳದು ದಿಟ” ಎಂದಳು ಚಿಕ್ಕಬೋರಮ್ಮ ನಿಧಾನವಾಗಿ. “ಓದ್ದೋಳೇ ಬೇಕು. ನೀ ಯಾರ ಮಗ್ಳು?”

ಮಲ್ಲಿಗಮ್ಮ ಅಪ್ಪನ ಹೆಸರು ಹೇಳಿ, ಗೆದ್ದೆನೆಂದು ಹಾರಿಕೊಂಡೇ ಮನೆಗೆ ಬಂದಳು. ಅರ್ಜಿ ತುಂಬಿದಳು. ಸೈನ್ಸ್ ಎಂಬುದನ್ನು ಎರಡು ಸಲ ತಿದ್ದಿ ದಪ್ಪಗೆ ಬರೆದಳು, ಸಂತೋಷಕ್ಕೆ. ಒಂದು ಲಂಗ ದಾವಣಿ ಒಗೆದು ಒಣಹಾಕಿದಳು, ನಾಳೆ ಉಡಲು.

ಸಂಜೆಗೆ ಶಿವಯ್ಯ ಆಲೆಮನೆಯಿಂದ ಬಂದ. ಅವನ ಹಿಂದೆಯೇ ಚಿಕ್ಕಬೋರಮ್ಮ, ಅವಳ ಹಿಂದೆ ಅರಳಿಕಟ್ಟೆ ಪೂರ್ತಿ.

“ಎರಡು ವರ್ಸ ಯಾಕೆ ಕಾಯಾನ?” ಎನ್ನುತ್ತಲೇ ಚಿಕ್ಕಬೋರಮ್ಮ ಒಳಗೆ ಬಂದು ಮಲ್ಲಿಗಮ್ಮನ ಗಲ್ಲ ಹಿಡಿದಳು. “ನೀ ಈಗ್ಲೇ ಓದಿದ್ದೀಯಲ್ಲವ್ವ!”

ಮಲ್ಲಿಗಮ್ಮ ಅಪ್ಪನ ಕಡೆ ನೋಡಿದಳು. ಅವನು ಕಂಬ ನೋಡುತ್ತಿದ್ದ.

“ತಾಯಿಲ್ದ ಎಣ್ಣು. ಅವ್ರೇ ಕೇಳ್ಕೊಂಡು ಬಂದ್ರು. ಎಲ್ರೂ ಸರಿ ಅಂದ್ರು. ತಾಂಬೂಲ ತಕ್ಕೊಂಡ್ಬುಟ್ಟೆ ಮಗಾ.”

“ನಾನು ಓದ್ಬೇಕು ಕಣಪ್ಪ.”

“ಓದವ್ವ, ಯಾರು ಬ್ಯಾಡ ಅಂದೋರು?” ಎಂದಳು ಚಿಕ್ಕಬೋರಮ್ಮ ಪ್ರೀತಿಯಿಂದಲೇ. “ಒಂದು ಪೆಟ್ಗೆ ತುಂಬಾ ದಾವಾ ಕಾಗ್ದ ಅವೆ.”

ಎಲ್ಲರೂ ನಕ್ಕರು. ಶಿವಯ್ಯನೂ ನಗಲು ನೋಡಿದ, ಬರಲಿಲ್ಲ.

ಆ ನಗು ಇಳಿಯುವಷ್ಟರಲ್ಲಿ ಮುದ್ದಮ್ಮ ಮಗಳನ್ನು ದರದರ ಎಳೆದುಕೊಂಡು ಮಲ್ಲಿಗಮ್ಮನ ಹಿತ್ತಲ ಬಾಗಿಲಿಗೆ ಬಂದಳು. “ನನ್ ಮಗ್ಳು ದಡ್ಡಿ ಅಂತ ಬುಟ್ಬುಟ್ರಲ್ಲ! ನಾಳೆನೇ ಕಾಲೇಜಿಗೆ ಆಕ್ತೀನಿ. ದಿನಾ ನಾನೇ ಬಸ್ನಲ್ಲಿ ಕರ್ಕೊಂಡೋಯ್ತೀನಿ. ಸೈನ್ಸೇ ಓದ್ಲಿ! ಮಲ್ಲಿ, ಇವ್ಳಿಗೊಂದು ಅರ್ಜಿ ಬರ್ಕೊಡು.”

ಮಲ್ಲಿಗಮ್ಮ ಬರೆದುಕೊಟ್ಟಳು. ತಪ್ಪಿಲ್ಲದೆ, ಗುಂಡು ಅಕ್ಷರದಲ್ಲಿ.

ಮುದ್ದಮ್ಮ ಒಳಗೆ ಜಗಳಕ್ಕೆ ಹೋದ ಮೇಲೆ ಹುಡುಗಿಯರಿಬ್ಬರೂ ಹಿತ್ತಲ ಮೆಟ್ಟಿಲ ಮೇಲೆ ಕೂತರು. ಸೋಮಮ್ಮ ಇನ್ನೂ ರೇಷ್ಮೆ ಸೀರೆಯಲ್ಲೇ ಇದ್ದಳು, ಬಿಕ್ಕುತ್ತಿದ್ದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ಮಲ್ಲಿಗಮ್ಮ ನೋಡಿದಳು; ಆಗಲಿಲ್ಲ.

“ಸೋಮಿ, ನೀ ಕಾಪಿ ಕೊಟ್ಯಲ್ಲ. ಎಂಗವ್ನೆ ಅವ್ನು? ನಾ ನೋಡ್ಲೇ ಇಲ್ಲ.”

ಸೋಮಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. “ಎತ್ತರಕ್ಕವ್ನೆ. ಲೋಟ ಈಸ್ಕೊವಾಗ ತಲೇನೇ ಎತ್ನಿಲ್ಲ. ಒಳ್ಳೇವ್ನಂಗೆ ಕಾಣ್ತಾನೆ ಕಣೇ.” ಮತ್ತೆ ಅಳು ಬಂತು ಅವಳಿಗೆ. “ಕಾಲೇಜು ಎಂಗಿರ್ತದೆ? ನೀ ನೋಡಿದ್ದೀಯಾ?”

“ಒಂದ್ಸಲ, ಬಸ್ನಿಂದ. ಉದ್ದಕ್ಕೂ ಕಿಟ್ಕಿ. ಒಂದು ಕಿಟ್ಕೀಲಿ ಯಾರೋ ಉಡ್ಗಿ ಕೂತ್ಕೊಂಡು ಬರೀತಿದ್ಲು. ಅಷ್ಟ್ರಲ್ಲಿ ಬಸ್ಸು ಒಂಟೋಯ್ತು.”

ಮಲ್ಲಿಗಮ್ಮ ಗೆಳತಿಯ ಸೆರಗು ಸರಿಮಾಡಿ ಹೇಳಿದಳು:

“ನೀ ಕಿಟ್ಕಿ ಪಕ್ಕ ಕೂತ್ಕೊ. ನಾ ಆ ದಾರೀಲಿ ಬಂದಾಗ ನೋಡ್ತೀನಿ.”