ನನ್ನ ಬ್ಲಾಗಿನ ಗೃಹಪ್ರವೇಶ

ತಪ್ಪು ಮಾಡುವುದರಲ್ಲಿ ನನಗೆ ಚಿಕ್ಕಂದಿನಿಂದಲೂ ಒಳ್ಳೆಯ ಅನುಭವವಿದೆ. ಆದರೆ ನನ್ನ ಬ್ಲಾಗಿಗೆ ಗೃಹಪ್ರವೇಶದ ಆಮಂತ್ರಣ ಬರೆದು, ಅದರ ಕೆಳಗೆ ಕಾಪುವಿನ ನಮ್ಮ ಮನೆಯ ವಿಳಾಸ ಹಾಕಿದ ತಪ್ಪಿನ ಮುಂದೆ ಹಿಂದಿನವೆಲ್ಲ ಬರೀ ತಾಲೀಮು ಎಂದು ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ನಾನು ಉಡುಪಿಯ ಒಂದು ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಆಮಂತ್ರಣ ಪತ್ರಿಕೆಗಳನ್ನು ಟೈಪ್ ಮಾಡುವವನು. ಅಪ್ಪ ಬೋಟಿಗೆ ಹೋಗುತ್ತಾರೆ, ಅಮ್ಮ ಮೀನು ಮಾರುತ್ತಾರೆ. ನಾನೂ ಒಮ್ಮೆ ಬೋಟು ಹತ್ತಿದ್ದೆ. ದಡದ ತೆಂಗಿನಮರಗಳು ಕಾಣುತ್ತಿರುವಾಗಲೇ ನಾನು ವಾಂತಿ ಮಾಡಿದ ರಭಸಕ್ಕೆ ಹೆದರಿ ಆ ದಿನ ಒಂದು ಮೀನೂ ಬಲೆಯ ಹತ್ತಿರ ಸುಳಿಯಲಿಲ್ಲವಂತೆ. ಹಾಗೆ ಸಮುದ್ರವೇ ನನ್ನನ್ನು ಪ್ರೆಸ್ಸಿಗೆ ಕಳಿಸಿತು. ಮದುವೆಗಳಿಲ್ಲದ ತಿಂಗಳಲ್ಲಿ, ಧಣಿಗಳು ಊಟಕ್ಕೆ ಹೋದ ಹೊತ್ತಿನಲ್ಲಿ, ‘ಮುಳ್ಳು ಸಮೇತ’ ಎಂಬ ಬ್ಲಾಗ್ ಶುರು ಮಾಡಿದೆ. ಅದರಲ್ಲಿ ಇದ್ದದ್ದು ಬರೀ ಮೀನು. ಮಂಜುಗಡ್ಡೆಯ ಮೇಲೆ ಮಲಗಿದ ಬಂಗುಡೆಯ ಮುಖಭಾವ, ಬೂತಾಯಿ ಹುರಿಯುವಾಗಲೇ ಸರಿಯಾಗಿ ನಮ್ಮ ನೆನಪಾಗಿ ಬರುವ ನೆಂಟರು, ಕಿವಿರು ಎತ್ತಿ ನೋಡಿ ಕೊಳ್ಳದೆ ಹೋಗುವ ಗಿರಾಕಿಯನ್ನು ಅಮ್ಮ ಬೈಯುವ ಶೈಲಿ, ಹೀಗೆ. ಪ್ರತಿ ಬರಹದ ಕೆಳಗೂ ಒಂದೇ ಒಂದು ಕಮೆಂಟು ಬರುತ್ತಿತ್ತು: ‘ಓದಿದೆ. ಮುಂದುವರಿಸಿ. ಇಂತಿ, ಕಾರ್ಕಳದ ಓದುಗ.’ ಇದು ಸಂತೋಷನ ಕೆಲಸವೇ ಎಂದು ನನಗೆ ಗ್ಯಾರಂಟಿ ಇತ್ತು.

ಸಂತೋಷ ನನ್ನ ಶಾಲೆಯ ಗೆಳೆಯ, ಮಣಿಪಾಲದಲ್ಲಿ ಕಂಪ್ಯೂಟರ್ ಓದುತ್ತಿದ್ದ. ಕರಾವಳಿಯ ಹತ್ತು ಬ್ಲಾಗಿನವರನ್ನು ಒಂದೇ ಸೂರಿನಡಿ ತರುವ ಜಾಲತಾಣ ಮಾಡುತ್ತೇನೆಂದು ಹೊರಟಿದ್ದ. ಒಂದು ಸಂಜೆ ನನ್ನನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಗೋಳಿಬಜೆ ತಿನ್ನಿಸಿದ.

“ಒಬ್ಬನೇ ಮೂಲೆಯಲ್ಲಿ ಕುಳಿತು ಬರೆದರೆ ಎಂತ ಪ್ರಯೋಜನ ಮಾರಾಯ? ನಿನ್ನ ಬ್ಲಾಗಿಗೆ ದಿನಕ್ಕೆ ಎಷ್ಟು ಸಲ ಜನ ಬರ್ತಾರೆ?”

“ಹದಿನೈದು ಸಲ.”

“ಅದರಲ್ಲಿ ನೀನು ಎಷ್ಟು ಸಲ?”

“ಹದಿನಾಲ್ಕು.”

ಇಷ್ಟು ಪ್ರಾಮಾಣಿಕನಾದ ಮೇಲೆ ಇನ್ನು ವಾದ ಮಾಡಲು ಏನೂ ಉಳಿದಿರಲಿಲ್ಲ. ಎರಡನೇ ಪ್ಲೇಟ್ ಬರುವಷ್ಟರಲ್ಲಿ ಒಪ್ಪಿಬಿಟ್ಟೆ. ಮರುದಿನ ಪ್ರೆಸ್ಸಿನಲ್ಲಿ ಕುಳಿತು, ಬ್ಲಾಗಿನ ಸ್ಥಳಾಂತರವನ್ನು ತಮಾಷೆಯಾಗಿ ತಿಳಿಸೋಣವೆಂದು ಗೃಹಪ್ರವೇಶದ ಪತ್ರಿಕೆಯ ಹಳೆಯ ನಮೂನೆ ತೆರೆದೆ. ‘ಮುಳ್ಳು ಸಮೇತದ ನೂತನ ಗೃಹಪ್ರವೇಶಕ್ಕೆ ತಾವು ಸಕುಟುಂಬಿಕರಾಗಿ ಆಗಮಿಸಿ’ ಎಂಬಲ್ಲಿಗೆ ತಮಾಷೆ ಮುಗಿಯಬೇಕಿತ್ತು. ಆದರೆ ವರ್ಷಗಟ್ಟಲೆ ಪತ್ರಿಕೆ ಟೈಪ್ ಮಾಡಿದ ಬೆರಳುಗಳು ಅಲ್ಲಿಗೆ ನಿಲ್ಲುತ್ತವೆಯೇ? ಬರುವ ಭಾನುವಾರದ ತಾರೀಕು ಬಂತು, ಮುಹೂರ್ತ ಬಂತು, ಮಧ್ಯಾಹ್ನದ ಭೋಜನ ಬಂತು, ‘ಸ್ಥಳ: ಸ್ವಗೃಹ’ ಎಂದು ನಮ್ಮ ಮನೆಯ ವಿಳಾಸವೂ ಬಂತು. ಊಟವಿಲ್ಲದ ಪತ್ರಿಕೆ ನಮ್ಮ ಕಡೆ ಪತ್ರಿಕೆಯೇ ಅಲ್ಲ. ಅಚ್ಚುಕಟ್ಟಾಗಿದೆ ಎಂದು ನನಗೆ ನಾನೇ ಭೇಷ್ ಅಂದುಕೊಂಡು ಬ್ಲಾಗಿಗೆ ಏರಿಸಿದೆ.

ಎರಡು ದಿನಕ್ಕೆ ಸಂತೋಷನ ನಿಯಮಾವಳಿ ಇಮೇಲಿನಲ್ಲಿ ಬಂತು. ಬರಹ ಮುನ್ನೂರು ಪದ ದಾಟಬಾರದು. ಸಂಪಾದಕ ಮಂಡಳಿ ನೋಡಿ ತಿದ್ದುತ್ತದೆ. ಸಸ್ಯಾಹಾರಿ ಓದುಗರಿಗೆ ಮುಜುಗರವಾಗುವುದರಿಂದ ಮೀನಿನ ವಿಷಯ ತಿಂಗಳಿಗೊಂದು ಮಾತ್ರ. ಓದಿ ಮುಗಿಸಿದವನೇ ಅವನಿಗೆ ಫೋನು ಮಾಡಿದೆ.

“ಮೀನು ತೆಗೆದರೆ ನನ್ನಲ್ಲಿ ಮತ್ತೆ ಎಂತ ಉಂಟು? ಖಾಲಿ ಮಸಾಲೆ!”

“ಹತ್ತು ಜನ ಒಟ್ಟಿಗೆ ಇರುವಾಗ ಸ್ವಲ್ಪ ಹೊಂದಿಕೊಳ್ಳಬೇಕಲ್ವಾ?”

“ನಾನು ಹೊಂದಿಕೊಳ್ಳುವವನಲ್ಲ. ನನಗೆ ನನ್ನ ಆ ಒಬ್ಬ ಕಾರ್ಕಳದ ಓದುಗ ಸಾಕು, ಅದು ನೀನೇ ಆದರೂ ಅಡ್ಡಿಯಿಲ್ಲ!”

“ನಾನಾ? ಆ ಕಾರ್ಕಳದವನು ನಾನಲ್ಲ ಮಾರಾಯ. ನಿನ್ನ ಬಂಗುಡೆ ಪುರಾಣ ಓದ್ಲಿಕ್ಕೆ ನನಗೆ ಪುರುಸೊತ್ತು ಎಲ್ಲುಂಟು?”

ಫೋನಿಟ್ಟೆ. ಹೋಗುವುದೇ ಇಲ್ಲ ಎಂದು ಎದೆ ಸೆಟೆಸಿದರೂ, ಯಾರೋ ಒಬ್ಬನೇ ಓದುವ ಬ್ಲಾಗನ್ನು ಕಾಯುತ್ತ ಕೂರುವುದು ಶೌರ್ಯವೋ ಹುಚ್ಚೋ ಎಂಬ ಸಂಶಯ ಒಳಗೆ ಕೊರೆಯುತ್ತಲೇ ಇತ್ತು. ಈ ಗಲಾಟೆಯಲ್ಲಿ ಬ್ಲಾಗಿನ ಮೇಲಿದ್ದ ಆಮಂತ್ರಣವನ್ನು ತೆಗೆಯಲು ಮರೆತೇಹೋಯಿತು.

ಭಾನುವಾರ ಮಧ್ಯಾಹ್ನ ಅಮ್ಮ ಅಂಗಳದಲ್ಲಿ ಮೀನು ಕೊಯ್ಯುತ್ತಿದ್ದರು. ಎದುರಿಗೆ ಬೆಕ್ಕು ಧ್ಯಾನಕ್ಕೆ ಕುಳಿತಿತ್ತು. ಬಿಳಿ ಅಂಗಿ, ಬಿಳಿ ಪಂಚೆ, ಕಂಕುಳಲ್ಲಿ ಕೊಡೆ, ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಕಟ್ಟು ಹಿಡಿದ ಹಿರಿಯರೊಬ್ಬರು ಗೇಟಿನಲ್ಲಿ ನಿಂತು ಕೇಳಿದರು, “ಗೃಹಪ್ರವೇಶ ಇಲ್ಲಿಯೇ ಅಲ್ವಾ?”

ಅಮ್ಮ ಕತ್ತಿ ಕೆಳಗಿಟ್ಟು ನನ್ನ ಕಡೆ ತಿರುಗಿದರು. “ಏ, ಮನೆ ಮಾರಿದಿಯಾ ನೀನು?”

ಬಂದವರು ನೇಮಿರಾಜ ಮಾಸ್ಟ್ರು, ನನ್ನ ‘ಕಾರ್ಕಳದ ಓದುಗ’. ನಿವೃತ್ತರಾದ ಮೇಲೆ ವಾರಕ್ಕೆ ಒಂದು ಗಂಟೆ ಸೈಬರ್ ಕೆಫೆಗೆ ಹೋಗಿ ಕನ್ನಡ ಓದುವವರು. ಕಾರ್ಕಳದಿಂದ ಎರಡು ಬಸ್ಸು ಬದಲಿಸಿ, ಉಡುಗೊರೆಯಾಗಿ ಗೋಡೆ ಗಡಿಯಾರ ತಂದಿದ್ದರು. ಜೈನರು ಬೇರೆ. ನಮ್ಮ ಮನೆಯಲ್ಲಿ ಆ ದಿನ ಮೀನು ತಾಗದ ಪದಾರ್ಥ ತೆಂಗಿನಮರದ ಮೇಲೆ ಮಾತ್ರ ಇತ್ತು. ಮುಹೂರ್ತದ ಭೋಜನಕ್ಕೆ ಬಂದವರಿಗೆ ಎರಡು ಎಳನೀರು ಕೆತ್ತಿ ಕೊಟ್ಟು, ನಡೆದದ್ದನ್ನೆಲ್ಲ ತಲೆ ತಗ್ಗಿಸಿ ಹೇಳಿದೆ. ಮಾಸ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಸರ್, ನೀವು ಮೀನು ತಿನ್ನುವವರಲ್ಲ. ಮತ್ತೆ ನನ್ನ ಬ್ಲಾಗು?”

“ತಿನ್ನುವುದಿಲ್ಲ. ಓದ್ಲಿಕ್ಕೆ ಎಂತ ತೊಂದರೆ? ಕಾಗುಣಿತ ತಪ್ಪಿದ್ದರೂ ಮುಳ್ಳು ಗಂಟಲಿಗೆ ಸಿಕ್ಕುವುದಿಲ್ಲ.” ಆಮೇಲೆ ಅಮ್ಮನ ಕಡೆ ತಿರುಗಿ ಗೌರವದಿಂದ ಹೇಳಿದರು, “ಅಮ್ಮ, ಆ ಕಿವಿರು ಎತ್ತಿ ನೋಡುವವನಿಗೆ ನೀವು ಬೈದದ್ದು ಸರಿಯಾಗಿತ್ತು.”

ಅಮ್ಮ ನನ್ನನ್ನು ನೋಡಿದ ನೋಟದಲ್ಲಿ ಒಂದು ಅಂಜಲ್ ಮೀನನ್ನೇ ಹುರಿಯಬಹುದಿತ್ತು. ಆದರೂ ಗಡಿಯಾರವನ್ನು ಮಾಸ್ಟ್ರ ಕೈಯಿಂದ ತೆಗೆದುಕೊಂಡು ಆಗಲೇ ಗೋಡೆಗೆ ತೂಗಿಹಾಕಿಯೂ ಆಗಿತ್ತು.

ನನಗೆ ಆನೆಬಲ ಬಂತು. ಅವರ ಎದುರಿಗೇ ಸಂತೋಷನಿಗೆ ಫೋನು ಮಾಡಿ, “ನೀನು ಹೇಳಿದ ಸಸ್ಯಾಹಾರಿ ಓದುಗರು ನಮ್ಮ ಜಗಲಿಯಲ್ಲಿ ಕುಳಿತಿದ್ದಾರೆ. ಮುಜುಗರ ಆಗಲಿಲ್ಲವಂತೆ. ನಿನ್ನ ಮಂಡಳಿಗೆ ಹೇಳು, ನಾನು ಬರುವುದಿಲ್ಲ!” ಎಂದು ಗುಡುಗಿದೆ. ಸಂತೋಷ ಏನೋ ಹೇಳುವ ಮೊದಲೇ ಫೋನಿಟ್ಟೆ. ಗೆದ್ದವನು ಎದುರಾಳಿಯ ಮಾತು ಕೇಳುತ್ತ ನಿಲ್ಲಬಾರದು.

ಮಾಸ್ಟ್ರನ್ನು ಬಸ್ಸಿಗೆ ಬಿಡಲು ಹೋದಾಗ, ಇನ್ನೊಂದು ಹೊಗಳಿಕೆ ಗಿಟ್ಟಿಸುವ ಆಸೆಯಿಂದ ಕೇಳಿದೆ, “ನಾನು ಅಲ್ಲಿಗೆ ಹೋಗದೆ ಇದ್ದದ್ದು ಸರಿಯಲ್ವಾ ಸರ್?”

ಬಸ್ಸು ಬಂತು. ಅವರು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತುತ್ತ, ಪಾಠ ಒಪ್ಪಿಸಿದ ಹುಡುಗನ ಬೆನ್ನು ತಟ್ಟುವ ದನಿಯಲ್ಲಿ ಹೇಳಿದರು:

“ಖಂಡಿತ ಹೋಗಬೇಡಿ. ನಾನು ವಾರಕ್ಕೆ ಒಂದೇ ಗಂಟೆ ಕೂರುವವ. ಅಲ್ಲಿ ಚೆನ್ನಾಗಿ ಬರೆಯುವವರು ಒಂಬತ್ತು ಜನ ಇರ್ತಾರೆ ಅಂತ ನೀವೇ ಹೇಳಿದಿರಿ. ನಿಮ್ಮದರವರೆಗೆ ಬರುವಷ್ಟರಲ್ಲಿ ಗಂಟೆ ಮುಗಿದಿರ್ತದೆ.”