ಶಿರೂರಿನ ಹಾದಿಯಲ್ಲಿ ಗುರುಗುಟ್ಟಿದ ಗಾಡಿ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನ್ನದು ಎಲ್ಲ ತಿಳಿದವನಂತೆ ತಲೆಯಾಡಿಸುವ ಚಟ. ಮರಾಠಿ ನಾಡಿಗೆ ಬಂದು ನಿಗಡಿಯ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತಿಕೆ ಮಾಡಿದ ನಾನು ಸಾವಿರ ಬಿಡಿಭಾಗಗಳ ಹೆಸರು ಬಲ್ಲೆ. ಅವುಗಳಲ್ಲಿ ಒಂದಾದರೂ ಏನು ಕೆಲಸ ಮಾಡುತ್ತದೆಂದು ಕೇಳಿದರೆ ಮಾತ್ರ ನನಗೆ ಕೆಮ್ಮು ಬರುತ್ತದೆ. ಇಂಥ ನಾನು ಸೆಕೆಂಡ್‌ಹ್ಯಾಂಡ್ ಕಾರು ಆರಿಸಲು ಹೊರಟೆ. ಅದೂ ಎಂಥದ್ದು? ಮನೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಕರೆಂಟಿನ ಮೇಲೆ, ಚಾರ್ಜು ತೀರಿದರೆ ಪೆಟ್ರೋಲಿನ ಮೇಲೆ ಓಡುವ ಪ್ಲಗ್-ಇನ್ ಹೈಬ್ರಿಡ್.

ಮಾರುವವರು ಖಡಕಿಯ ಒಬ್ಬ ನಿವೃತ್ತ ಮಿಲಿಟರಿ ಅಧಿಕಾರಿ. ಹೆಂಡತಿ ಶಾರದೆಯನ್ನು ಕರೆದುಕೊಂಡು ಹೋದೆ. ಗಾಡಿಗೆ ಭಕ್ತಿಯಿಂದ ಮೂರು ಪ್ರದಕ್ಷಿಣೆ ಹಾಕಿದೆ. ಟೈರಿಗೆ ಒದ್ದೆ. ಬಾನೆಟ್ ಎತ್ತಿಸಿ, ಒಳಗಿದ್ದ ದಪ್ಪನೆಯ ಕಿತ್ತಳೆ ಬಣ್ಣದ ವಾಯರಿಗೆ ಕೈ ಚಾಚಿದೆ. ಸಾಹೇಬರು ರಣರಂಗದ ವೇಗದಲ್ಲಿ ನನ್ನ ಮಣಿಕಟ್ಟು ಹಿಡಿದು, ಅದು ದೊಡ್ಡ ಬ್ಯಾಟರಿಯ ಕರೆಂಟು, ಮುಟ್ಟುವುದು ಬೇಡ ಎಂದು ಹಿಂದಿಯಲ್ಲಿ ಮೆಲ್ಲಗೆ ಹೇಳಿದರು. ನಾನು ತಲೆಯಾಡಿಸಿದೆ.

“ರೀ, ಚಾರ್ಜ್ ಮಾಡೋ ವಾಯರ್ ಎಲ್ಲಿ ಅದ? ಹಚ್ಚಿ ತೋರಸ್ರಿ ಅಂತ ಕೇಳ್ರಿ ಅವರಿಗೆ,” ಎಂದಳು ಶಾರದೆ. ನಾನು ಕೇಳುವ ಮೊದಲೇ ತಾನೇ ಕೇಳಿದಳು. ತುಂಬಿದ ಚಾರ್ಜಿಗೆ ಈಗ ಎಷ್ಟು ದೂರ ಓಡುತ್ತದೆ, ಸರ್ವಿಸ್ ಪುಸ್ತಕ ಎಲ್ಲಿ ಎಂದೂ ವಿಚಾರಿಸಿದಳು. ಆಮೇಲೆ ಸಾಹೇಬರು ಮಾತಾಡಿದ್ದೆಲ್ಲ ಅವಳೊಂದಿಗೇ. ನಾನು ಟೈರಿನ ಪಕ್ಕದಲ್ಲಿ ನಿಂತಿದ್ದೆ.

ಗಾಡಿ ಮನೆಗೆ ಬಂತು. ಐದು ತಿಂಗಳು ಮನೆಯಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಮನೆಗೆ ಬರೀ ಕರೆಂಟಿನಲ್ಲೇ ಓಡಿಸಿದೆ. ಬೆಕ್ಕಿನ ನಡಿಗೆಯಷ್ಟೂ ಸದ್ದಿಲ್ಲ. ಕದಲದ ಪೆಟ್ರೋಲ್ ಮುಳ್ಳನ್ನು ಮಗನ ಅಂಕಪಟ್ಟಿಯಂತೆ ಸಹೋದ್ಯೋಗಿಗಳಿಗೆ ತೋರಿಸಿದೆ. ಪೆಟ್ರೋಲ್ ಬಂಕಿನ ಸಾಲು ಕಂಡರೆ ವೇಗ ತಗ್ಗಿಸಿ ಕರುಣೆಯಿಂದ ನಗುತ್ತಿದ್ದೆ.

ಹೀಗಿರಲು ಶಿರೂರಿನಲ್ಲಿ ಶಾರದೆಯ ಅಕ್ಕನ ಮಗಳ ನಿಶ್ಚಯ ಬಂತು. ಮುಹೂರ್ತ ಹನ್ನೊಂದಕ್ಕೆ, ವರನಿಗೆ ಹಾಕುವ ಉಂಗುರ ನಮ್ಮ ಕೈಯಲ್ಲಿ. ಅರ್ಧ ಹಾದಿ ದಾಟಿರಬೇಕು, ಗಾಡಿಯ ಹೊಟ್ಟೆಯೊಳಗೆ ಏನೋ ‘ಗುರ್ರ್’ ಎಂದಿತು.

“ಏನದು ಸಪ್ಪಳ?”

“ಏನೋ ಸಿಕ್ಕೊಂಡದ,” ಎಂದು ನಿಲ್ಲಿಸಿದೆ. ಕೆಳಗೆ ಬಗ್ಗಿ ನೋಡಿದೆ, ಏನೂ ಇಲ್ಲ. ಮತ್ತೆ ಚಾಲೂ ಮಾಡಿದರೆ ಮತ್ತೆ ಗುರ್ರ್. ಮೂರು ಸಲವೂ ಅದೇ ರೋಗ. ಗಂಟೆ ಹತ್ತಾಗಿತ್ತು. ಸ್ವಲ್ಪ ಮುಂದೆ ಗ್ಯಾರೇಜಿನ ತಗಡಿನ ಶೆಡ್ಡು ಕಂಡಿತು. ಇಂಥ ಯಂತ್ರವನ್ನು ಕೆಟ್ಟ ಸ್ಥಿತಿಯಲ್ಲಿ ಓಡಿಸಬಾರದು ಎಂದು ತೀರ್ಮಾನಿಸಿ, ಶಾರದೆಯನ್ನು ಸ್ಟೇರಿಂಗಿಗೆ ಕೂರಿಸಿ ಹಿಂದಿನಿಂದ ದಬ್ಬತೊಡಗಿದೆ.

“ನಿಮಗ ಗಾಡಿ ಭಾಳ ತಿಳೀತದಲ್ಲ, ದಬ್ಬರಿ,” ಎಂದು ಇಳಕಲ್ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ ಕಿಟಕಿಯಿಂದ ಕೂಗಿದಳು.

“ನಿಮ್ಮಕ್ಕಗ ಬೀಗತನ ಮಾಡ್ಲಿಕ್ಕೆ ಶಿರೂರೇ ಬೇಕಿತ್ತೇನು?” ಎಂದು ನಾನೂ ಬೆವರಿನ ನಡುವೆ ಉತ್ತರಿಸಿದೆ. ಮರಾಠಿ ನೆಲದಲ್ಲಿ ನಮ್ಮ ಜಗಳ ಯಾರಿಗೆ ತಿಳಿಯಬೇಕು ಎಂಬ ಧೈರ್ಯದಲ್ಲಿ ಇಬ್ಬರೂ ದನಿ ತಗ್ಗಿಸಲಿಲ್ಲ.

ಶೆಡ್ಡಿನ ಮುಂದೆ ನರೆತ ಮೀಸೆಯ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ನಾನು ಏದುಸಿರು ಬಿಡುತ್ತ ಮರಾಠಿಯಲ್ಲಿ ಶುರು ಮಾಡಿದೆ.

“ಕನ್ನಡದಾಗೇ ಹೇಳ್ರಿ ಸಾಹೇಬ್ರ,” ಎಂದ. “ನಾ ಯಾದಗಿರಿ ಕಡಿಯಾಂವ. ಆವಾಗಿಂದ ಕೇಳ್ಕೋತ ನಿಂತೀನಿ.”

ಅವನು ಒಳಗೆ ಕೂತು ಗಾಡಿ ಚಾಲೂ ಮಾಡಿ ಕಿವಿಗೊಟ್ಟ. “ಏನೂ ಕೆಟ್ಟಿಲ್ರಿ. ಚಾರ್ಜ್ ತೀರ್ಯಾದ, ಇಂಜಿನ್ ಚಾಲೂ ಆಗ್ಯಾದ. ಅದು ಇಂಜಿನ್ ಸಪ್ಪಳ.”

ಶಾರದೆ ಅಲ್ಲಿದ್ದ ಹಳೇ ಟೈರುಗಳ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಮೆಕ್ಯಾನಿಕ್ ಮೊದಲು ಮರ್ಯಾದೆಗೆ ತಡೆದುಕೊಂಡ, ಆಮೇಲೆ ಅವನಿಂದಲೂ ಆಗಲಿಲ್ಲ. ಕೊನೆಗೆ ನಾನೂ ಸೇರಿಕೊಂಡೆ.

“ಪೆಟ್ರೋಲ್ ಯಾವಾಗ ಹಾಕ್ಸೀರಿ?” ಎಂದು ಕೇಳಿದ. ಒಮ್ಮೆಯೂ ಇಲ್ಲ ಎಂದೆ. ಹೆಮ್ಮೆಯ ಮಾತು ಹೆಮ್ಮೆಯಾಗಿ ಹೊರಬರಲಿಲ್ಲ. ನಿಂತ ಪೆಟ್ರೋಲು ಹಳಸುತ್ತದೆ, ಹತ್ತು ದಿನಕ್ಕೊಮ್ಮೆಯಾದರೂ ಇಂಜಿನ್ ಓಡಿಸಬೇಕು, ಓಡಲಿ ಬಿಡಲಿ ವೇಳೆಗೆ ಸರಿಯಾಗಿ ಆಯಿಲ್ ಬದಲಿಸಬೇಕು ಎಂದು ಬುದ್ಧಿ ಹೇಳಿ, ಚಹಾ ಕುಡಿಸಿ ಕಳಿಸಿದ.

ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಗುರುಗುಟ್ಟುತ್ತಲೇ ಶಿರೂರು ಮುಟ್ಟಿದೆವು. ಉಂಗುರ ವರನ ಬೆರಳು ಸೇರಿತು. ಊಟದ ಪಂಕ್ತಿಯಲ್ಲಿ ವರನ ಸೋದರಮಾವ ಇಂಥ ಗಾಡಿಯ ನಿಗಾ ಹೇಗೆಂದು ವಿಚಾರಿಸಿದರು. ಹೋಳಿಗೆ ಆರುವವರೆಗೂ ಹಳಸಿದ ಪೆಟ್ರೋಲು, ಆಯಿಲ್ಲು ಎಂದು ವಿವರಿಸಿದೆ. ಎದುರಿನ ಸಾಲಿನಲ್ಲಿದ್ದ ಶಾರದೆ ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಅವಳ ಭುಜಗಳು ಮಾತ್ರ ಅಲುಗುತ್ತಿದ್ದವು.

ಬರುವ ಭಾನುವಾರ ಆ ಮಾವನವರು ಒಂದು ಹಳೇ ಹೈಬ್ರಿಡ್ ನೋಡಲು ಹೋಗುತ್ತಾರಂತೆ. ಪರೀಕ್ಷೆಗೆ ನಾನೇ ಬರಬೇಕಂತೆ. ಖುಷಿಯಿಂದ ಒಪ್ಪಿದ್ದೇನೆ. ಶಾರದೆಯನ್ನು ಜೊತೆಗೆ ಕರೆದಿದ್ದೇನೆ. ಅವಳಿನ್ನೂ ಒಪ್ಪಿಲ್ಲ.